ಒಂದೇ ಸಮಿತಿ, ಮೂರು ದಾರಿ

ಈ ಸಲ ಬಂದ ಪತ್ರಗಳಲ್ಲಿ ಪರ್ಮ್ಯುಟೇಷನ್, ಕಾಂಬಿನೇಷನ್ ಲೆಕ್ಕಗಳೇ ಜಾಸ್ತಿ, ಅಂದರೆ ಎಷ್ಟು ರೀತಿ ಜೋಡಿಸಬಹುದು, ಎಷ್ಟು ರೀತಿ ಆರಿಸಬಹುದು ಅಂತ ಎಣಿಸುವವು. ಬರೆದವರಲ್ಲಿ ವಿದ್ಯಾರ್ಥಿಗಳಿದ್ದಾರೆ, ಮಕ್ಕಳಿಗೆ ಪಾಠ ಹೇಳಿಕೊಡುವ ತಂದೆ ತಾಯಿ ಇದ್ದಾರೆ, ಕೆಲಸದಲ್ಲಿರುವವರೂ ಇದ್ದಾರೆ. ಎಲ್ಲರೂ ಸಿಕ್ಕಿಹಾಕಿಕೊಂಡ ಜಾಗ ಮಾತ್ರ ಒಂದೇ. ಉತ್ತರ ಇರಬೇಕಾದ್ದಕ್ಕಿಂತ ದೊಡ್ಡದಾಗಿ ಬರುತ್ತದೆ. ಒಂದನ್ನೇ ಹಲವು ಸಲ ಎಣಿಸಿದ್ದೇವೆ ಅಂತ ಅನುಮಾನ ಬರುತ್ತದೆ, ಎಲ್ಲಿ ಅಂತ ತಿಳಿಯುವುದಿಲ್ಲ. ಹಾಗಾಗಿ ಈ ಸಂಚಿಕೆಯ ಅಂಕಣವನ್ನು ಪೂರ್ತಿ ಇದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ಮೇಡಂ, 5 ಗಂಡಸರು, 4 ಹೆಂಗಸರು ಇದ್ದಾರೆ. ಇವರಲ್ಲಿ 4 ಜನರ ಸಮಿತಿ ಮಾಡಬೇಕು. ಕನಿಷ್ಠ 2 ಹೆಂಗಸರು ಇರಲೇಬೇಕು. ನಾನು ಮೊದಲು 4 ಹೆಂಗಸರಲ್ಲಿ ಇಬ್ಬರನ್ನು ಆರಿಸಿದೆ, 6 ರೀತಿ. ಅಲ್ಲಿಗೆ ಷರತ್ತು ಪೂರೈಸಿತು. ಉಳಿದ 7 ಜನರಲ್ಲಿ ಯಾರಾದರೂ ಇಬ್ಬರು, 21 ರೀತಿ. 6 × 21 = 126. ಪುಸ್ತಕದಲ್ಲಿ ಉತ್ತರ 81 ಅಂತಿದೆ. ನನ್ನ ಲೆಕ್ಕದಲ್ಲಿ ತಪ್ಪೇ ಕಾಣುತ್ತಿಲ್ಲ. ಎಲ್ಲಿ ಎಡವಿದೆ?

ಉತ್ತರ: ನಿಮ್ಮ 6 ಸರಿ, 21 ಸರಿ, ಗುಣಾಕಾರವೂ ಸರಿ. ತಪ್ಪು ಕಣ್ಣಿಗೆ ಬೀಳದೇ ಇರುವುದು ಅದಕ್ಕೇ. ಮೊದಲು ಒಂದು ಸಣ್ಣ ಪರೀಕ್ಷೆ ಮಾಡೋಣ. ಷರತ್ತೇ ಇಲ್ಲ ಅಂದುಕೊಳ್ಳಿ. 9 ಜನರಲ್ಲಿ ಯಾರಾದರೂ 4 ಜನ. 9 × 8 × 7 × 6 ಅನ್ನು, ಅದೇ ನಾಲ್ವರು ಬರಬಹುದಾದ ಕ್ರಮಗಳ ಸಂಖ್ಯೆ 24 ರಿಂದ ಭಾಗಿಸಿ. ಎಷ್ಟು ಬಂತು? 126. ಷರತ್ತು ಹಾಕದಿದ್ದರೂ 126, ಹಾಕಿದರೂ 126. ಆದರೆ ಬರೀ ಗಂಡಸರ ಸಮಿತಿಗಳೇ 5 ಇವೆ ಅಲ್ವಾ? ಒಬ್ಬರೇ ಹೆಂಗಸು ಇರುವ ಸಮಿತಿಗಳು ಬೇರೆ ಇವೆ. ಅವೆಲ್ಲ ಹೊರಗೆ ಹೋದ ಮೇಲೂ 126 ಉಳಿಯಲು ಸಾಧ್ಯವೇ ಇಲ್ಲ. ಅಂದರೆ ಹೊರಗೆ ಹೋದವುಗಳ ಜಾಗದಲ್ಲಿ ಒಳಗಿರುವವೇ ಮತ್ತೆ ಮತ್ತೆ ಎಣಿಕೆಗೆ ಬಂದಿವೆ. ಎರಡೂ ಸಂಖ್ಯೆ ಇಲ್ಲಿ ಸರಿಯಾಗಿ ಹೊಂದಿದ್ದು ಆಕಸ್ಮಿಕ. ಆದರೂ ಷರತ್ತಿಲ್ಲದ ಮೊತ್ತವನ್ನು ಪಕ್ಕಕ್ಕೆ ಬರೆದುಕೊಳ್ಳುವುದು ಒಳ್ಳೆಯ ಅಭ್ಯಾಸ. ಉತ್ತರ ಅದನ್ನು ಮುಟ್ಟಿದರೆ ಅಥವಾ ದಾಟಿದರೆ ಪೆನ್ನು ಕೆಳಗಿಟ್ಟು ಯೋಚಿಸಬೇಕು.

ಈಗ ಅವು ಎಲ್ಲಿ ಮತ್ತೆ ಬಂದವು ಅಂತ ಹುಡುಕೋಣ. ಹೆಂಗಸರನ್ನು ಅ, ಆ, ಇ, ಈ ಅಂತ ಕರೆಯೋಣ. ಗಂಡಸರಿಗೆ ಕ ವರ್ಗದ ಐದೂ ಅಕ್ಷರ ಕೊಡೋಣ: ಕ, ಖ, ಗ, ಘ, ಙ. ತರಗತಿಯಲ್ಲಿ ನಾನು ಸೂತ್ರಕ್ಕೆ ಕೈ ಹಾಕುವ ಮೊದಲು, ಷರತ್ತಿಗೆ ಹೊಂದುವ ಒಂದು ಸಮಿತಿಯನ್ನು ಬೋರ್ಡಿನ ಮೂಲೆಯಲ್ಲಿ ಬರೆದು ಬಣ್ಣದ ಸೀಮೆಸುಣ್ಣದಲ್ಲಿ ಸುತ್ತ ಗೆರೆ ಎಳೆಯುತ್ತೇನೆ. ಇಲ್ಲಿ ಬರೆಯಬೇಕಾದ್ದು ಇದು: ಅ, ಆ, ಇ, ಕ. ಮೂವರು ಹೆಂಗಸರು, ಒಬ್ಬ ಗಂಡಸು. ನಿಮ್ಮ ವಿಧಾನದಲ್ಲಿ ಈ ಸಮಿತಿ ಎಷ್ಟು ದಾರಿಯಲ್ಲಿ ಬರುತ್ತದೆ?

ಮೊದಲು ಅ, ಆ ಅವರನ್ನು ಆರಿಸಿ ಆಮೇಲೆ ಇ, ಕ ಅವರನ್ನು ತೆಗೆದುಕೊಳ್ಳಬಹುದು. ಮೊದಲು ಅ, ಇ ಆಗಿ ಆಮೇಲೆ ಆ, ಕ ಆಗಬಹುದು. ಮೊದಲು ಆ, ಇ ಆಗಿ ಆಮೇಲೆ ಅ, ಕ ಆಗಬಹುದು. ಮೂರು ದಾರಿ. ಮೂರರ ಕೊನೆಗೂ ಸಿಗುವುದು ಅದೇ ನಾಲ್ವರು. ನಿಮ್ಮ 126 ರಲ್ಲಿ ಈ ಒಂದು ಸಮಿತಿ ಮೂರು ಸಲ ಕೂತಿದೆ.

ಅ, ಆ, ಇ, ಈ ನಾಲ್ವರೂ ಹೆಂಗಸರಾದರೆ? ಮೊದಲ ಹಂತದ ಇಬ್ಬರು ಯಾರು ಅನ್ನುವುದಕ್ಕೆ 6 ಆಯ್ಕೆ. ಹಾಗಾಗಿ ಇದು ಆರು ಸಲ ಕೂತಿದೆ. ಅ, ಆ, ಕ, ಖ ಇರುವ ಸಮಿತಿ ಮಾತ್ರ ಒಂದೇ ಸಲ. ಅಲ್ಲಿ ಇರುವುದೇ ಇಬ್ಬರು ಹೆಂಗಸರು, ಮೊದಲ ಹಂತದಲ್ಲಿ ಬೇರೆ ಯಾರೂ ಬಂದಿರಲಾರರು.

ಈಗ ಸಮಿತಿಗಳನ್ನು ಬೇರೆ ಬೇರೆ ಮಾಡಿ ಎಣಿಸಿ. ಸರಿಯಾಗಿ ಇಬ್ಬರು ಹೆಂಗಸರು: 6 × 10 = 60. ಮೂವರು: 4 × 5 = 20. ನಾಲ್ವರು: 1. ಒಟ್ಟು 81. ಪುಸ್ತಕ ಹೇಳಿದ್ದು ಇದನ್ನೇ. ನಿಮ್ಮ ಎಣಿಕೆಯಲ್ಲಿ 60 ಸಮಿತಿಗಳು ಒಂದೊಂದು ಸಲ, 20 ಸಮಿತಿಗಳು ಮೂರು ಮೂರು ಸಲ, 1 ಸಮಿತಿ ಆರು ಸಲ ಬಂದಿವೆ. 60 + 60 + 6 = 126. ನಿಮ್ಮ ತಪ್ಪಿನ ಲೆಕ್ಕವೂ ಚೊಕ್ಕವಾಗಿ ಸಿಕ್ಕಿತು. ನನ್ನ ಮಟ್ಟಿಗೆ ಒಂದು ಲೆಕ್ಕ ಅರ್ಥವಾಯಿತು ಅನ್ನುವುದು ಈ ಹೊತ್ತಿಗೆ. ಸರಿ ಉತ್ತರ ಗೊತ್ತಾದರೆ ಸಾಲದು, ತಪ್ಪು ಉತ್ತರ ಅಷ್ಟೇ ಯಾಕೆ ಬಂತು ಅಂತಲೂ ಹೇಳಲು ಬರಬೇಕು.

ಇಲ್ಲಿ ಇನ್ನೊಂದು ಮಾತು. ನಿಮ್ಮ 126 ಬೇರೊಂದು ಪ್ರಶ್ನೆಗೆ ಸರಿ ಉತ್ತರ. ‘4 ಜನರ ಸಮಿತಿ ಮಾಡಿ, ಅದರಲ್ಲಿ ಇಬ್ಬರು ಹೆಂಗಸರನ್ನು ಸಂಚಾಲಕಿಯರನ್ನಾಗಿ ನೇಮಿಸಿ’ ಅಂತ ಕೇಳಿದ್ದರೆ ನೀವು ಬರೆದದ್ದಕ್ಕೆ ಪೂರ್ತಿ ಅಂಕ. ಆಗ ಅ, ಆ ಸಂಚಾಲಕಿಯರಾಗುವುದೂ ಅ, ಇ ಆಗುವುದೂ ಬೇರೆ ಬೇರೆ. ಪ್ರಶ್ನೆಯಲ್ಲಿ ಇಲ್ಲದ ಒಂದು ಪಟ್ಟವನ್ನು ನಿಮ್ಮ ಮೊದಲ ಹಂತ ತಾನಾಗಿಯೇ ಇಬ್ಬರಿಗೆ ಕಟ್ಟಿಬಿಟ್ಟಿತು.

ಹಾಗಾದರೆ ಮುಂದೆ ಹೀಗೆ ಆಗದಂತೆ ನೋಡಿಕೊಳ್ಳುವುದು ಹೇಗೆ? ಎಣಿಸಿ ಮುಗಿದ ಮೇಲೆ ಸಿಕ್ಕ ಒಂದು ಸಮಿತಿಯನ್ನು ಕೈಗೆತ್ತಿಕೊಂಡು ಹಿಂದಕ್ಕೆ ನಡೆಯಿರಿ. ಯಾವ ಹಂತದಲ್ಲಿ ಯಾರು ಬಂದರು ಅಂತ ಅದನ್ನು ನೋಡಿಯೇ ಹೇಳಲು ಬರುತ್ತದಾ? ಬಂದರೆ ದಾರಿ ಒಂದೇ, ಎಣಿಕೆ ಸರಿ. ಬರದಿದ್ದರೆ ದಾರಿಗಳು ಎಷ್ಟು ಅಂತ ನೋಡಿ. ‘ಸರಿಯಾಗಿ ಇಬ್ಬರು’ ಎಂಬ ಲೆಕ್ಕದಲ್ಲಿ ಹೇಳಲು ಬರುತ್ತದೆ. ಹೆಂಗಸರೆಲ್ಲ ಮೊದಲ ಹಂತದವರು, ಗಂಡಸರೆಲ್ಲ ಎರಡನೇ ಹಂತದವರು. ‘ಇಬ್ಬರು ಹೆಂಗಸರು, ಆಮೇಲೆ ಯಾರಾದರೂ’ ಅಂದಾಗ ಬರುವುದಿಲ್ಲ.

ಗೈಡುಗಳಲ್ಲಿ ಕಾಣುವ ‘ಕ್ರಮ ಮುಖ್ಯವಾದರೆ ಪರ್ಮ್ಯುಟೇಷನ್, ಇಲ್ಲದಿದ್ದರೆ ಕಾಂಬಿನೇಷನ್’ ಎಂಬ ಸಾಲು ಇಲ್ಲಿ ನಿಮ್ಮನ್ನು ಕಾಪಾಡಲಿಲ್ಲ ನೋಡಿ. ನೀವು ಎರಡೂ ಹಂತದಲ್ಲಿ ಕಾಂಬಿನೇಷನ್ನನ್ನೇ ಬಳಸಿದ್ದೀರಿ. ಕ್ರಮ ನುಸುಳಿದ್ದು ಹಂತದ ಒಳಗಲ್ಲ, ಎರಡು ಹಂತಗಳ ನಡುವೆ. ಆ ಸಾಲನ್ನು ಬಾಯಿಪಾಠ ಮಾಡಿಸಿ ಕೈಬಿಡುವುದು ಮಕ್ಕಳಿಗೆ ಅನ್ಯಾಯ ಅಂತ ನನಗೆ ಅನ್ನಿಸುತ್ತದೆ.

ಪ್ರಶ್ನೆ: 6 ವಿದ್ಯಾರ್ಥಿಗಳನ್ನು ಇಬ್ಬಿಬ್ಬರಂತೆ 3 ಜೋಡಿ ಮಾಡಿದರೆ ಎಷ್ಟು ರೀತಿ? ಮಗಳ ಒಂದು ಪುಸ್ತಕದಲ್ಲಿ 15 ಇದೆ. ಇನ್ನೊಂದರಲ್ಲಿ ಹೆಚ್ಚುಕಡಿಮೆ ಇದೇ ಪ್ರಶ್ನೆಗೆ 90 ಇದೆ. ಯಾವುದು ಸರಿ?

ಉತ್ತರ: ಬಹುಶಃ ಎರಡೂ ಸರಿ. ಪ್ರಶ್ನೆಯನ್ನು ಇನ್ನೊಮ್ಮೆ ಓದಿ. 90 ಇರುವ ಕಡೆ ‘3 ಬೇರೆ ಬೇರೆ ಕೋಣೆಗಳಿಗೆ’ ಅಥವಾ ‘3 ಬೇರೆ ಬೇರೆ ಕೆಲಸಗಳಿಗೆ’ ಎಂಬ ಮಾತು ಇರುತ್ತದೆ.

ಮೊದಲ ಜೋಡಿಗೆ 15 ಆಯ್ಕೆ, ಎರಡನೆಯದಕ್ಕೆ 6, ಮೂರನೆಯದಕ್ಕೆ 1. ಗುಣಿಸಿದರೆ 90. ಈಗ ಸಿಕ್ಕ ಒಂದು ವಿಂಗಡಣೆ ತೆಗೆದುಕೊಳ್ಳಿ: ಅ-ಆ, ಇ-ಈ, ಉ-ಊ. ಇದರಲ್ಲಿ ಮೊದಲ ಜೋಡಿ ಯಾವುದು? ಗೊತ್ತಿಲ್ಲ. ಮೂರು ಜೋಡಿಗಳನ್ನು ಯಾವ ಕ್ರಮದಲ್ಲಿ ಆರಿಸಿದ್ದರೂ ಕೊನೆಗೆ ಇದೇ ಬರುತ್ತಿತ್ತು. ಅಂಥ ಕ್ರಮಗಳು 3 × 2 × 1 = 6. ಈ ವಿಂಗಡಣೆಗೆ ಮಾತ್ರವಲ್ಲ, ಯಾವುದನ್ನೇ ಹಿಡಿದರೂ 6. ಎಲ್ಲದಕ್ಕೂ ದಾರಿಗಳ ಸಂಖ್ಯೆ ಒಂದೇ ಆಗಿರುವುದರಿಂದ ಧೈರ್ಯವಾಗಿ ಭಾಗಿಸಬಹುದು. 90 ÷ 6 = 15. ಮೇಲಿನ ಸಮಿತಿ ಲೆಕ್ಕದಲ್ಲಿ ಹೀಗೆ ಭಾಗಿಸಲು ಆಗುತ್ತಿರಲಿಲ್ಲ. ಅಲ್ಲಿ ಒಂದಕ್ಕೆ 1, ಇನ್ನೊಂದಕ್ಕೆ 3, ಮತ್ತೊಂದಕ್ಕೆ 6 ದಾರಿ ಇದ್ದವು.

ಭಾಗಾಕಾರವೇ ಬೇಡ ಅನ್ನುವವರಿಗೆ ಇನ್ನೊಂದು ವಿಧಾನ ಇದೆ. ನನಗೆ ಇದೇ ಜಾಸ್ತಿ ಇಷ್ಟ. ಹಾಜರಿ ಪಟ್ಟಿ ತೆಗೆಯಿರಿ. ಪಟ್ಟಿಯಲ್ಲಿ ಮೊದಲ ಹೆಸರಿನವರಿಗೆ ಜೊತೆ ಯಾರು? 5 ಆಯ್ಕೆ. ಆ ಇಬ್ಬರನ್ನು ಬಿಟ್ಟು ಪಟ್ಟಿಯಲ್ಲಿ ಮೇಲಿರುವ ಹೆಸರಿಗೆ ಜೊತೆ ಯಾರು? 3 ಆಯ್ಕೆ. ಉಳಿದ ಇಬ್ಬರು ತಾವೇ ಜೋಡಿ. 5 × 3 × 1 = 15. ಇಲ್ಲಿ ‘ಮೊದಲ ಜೋಡಿ ಯಾವುದು’ ಅಂದರೆ ಉತ್ತರ ಇದೆ, ಪಟ್ಟಿಯ ಮೊದಲ ಹೆಸರು ಇರುವ ಜೋಡಿ. ಹಾಗಾಗಿ ಒಂದು ವಿಂಗಡಣೆಗೆ ಒಂದೇ ದಾರಿ. ಮೊದಲೇ ಒಂದು ಕ್ರಮಕ್ಕೆ ಕಟ್ಟಿಹಾಕಿದರೆ ನಕಲು ಹುಟ್ಟುವುದೇ ಇಲ್ಲ.

ಗುಂಪುಗಳ ಗಾತ್ರ ಬೇರೆಯಾದರೆ ಹುಷಾರಾಗಿರಿ. 7 ಜನರನ್ನು 3, 2, 2 ಅಂತ ಹಂಚುವಾಗ ಕೆಲವರು ‘ಮೂರು ಗುಂಪು, 6 ರಿಂದ ಭಾಗಿಸು’ ಅನ್ನುತ್ತಾರೆ. ತಪ್ಪು. ಮೂವರ ಗುಂಪು ಗಾತ್ರದಿಂದಲೇ ಗುರುತು ಸಿಗುತ್ತದೆ. ಅದಲುಬದಲಾಗುವುದು ಇಬ್ಬರ ಎರಡು ಗುಂಪುಗಳು ಮಾತ್ರ. 35 × 6 × 1 = 210, ಅದನ್ನು 2 ರಿಂದ ಭಾಗಿಸಿದರೆ 105.

ಪ್ರಶ್ನೆ: ಒಂದೇ ಅಕ್ಷರ ಮತ್ತೆ ಬಂದರೆ ಅದರ ಫ್ಯಾಕ್ಟೋರಿಯಲ್‌ನಿಂದ ಭಾಗಿಸಿ ಅನ್ನುತ್ತಾರೆ. ಯಾಕೆ ಭಾಗಿಸಬೇಕು? ಜಾಸ್ತಿ ಬಂದದ್ದನ್ನು ಕಳೆದರೆ ಆಗದೇ?

ಉತ್ತರ: ಒಳ್ಳೆಯ ಪ್ರಶ್ನೆ. ‘ಪಟಪಟ’ ಎಂಬ ಪದ ತೆಗೆದುಕೊಳ್ಳಿ. ಒಂದು ಪ, ಒಂದು ಟ ಅಕ್ಷರಕ್ಕೆ ಕೆಂಪು ಬಣ್ಣ ಹಚ್ಚಿ, ಉಳಿದೆರಡಕ್ಕೆ ನೀಲಿ. ಈಗ ನಾಲ್ಕೂ ಬೇರೆ ಬೇರೆ. ಜೋಡಿಸುವ ರೀತಿ 4! (4 ರ ಫ್ಯಾಕ್ಟೋರಿಯಲ್), ಅಂದರೆ 4 × 3 × 2 × 1 = 24. ಆಮೇಲೆ ಬಣ್ಣ ಒರೆಸಿಬಿಡಿ. ‘ಪಪಟಟ’ ಎಂಬ ಒಂದು ಜೋಡಣೆ ಬಣ್ಣವಿದ್ದಾಗ ಎಷ್ಟು ರೂಪದಲ್ಲಿತ್ತು? ಎರಡು ಪ ಅದಲುಬದಲಾಗಲು 2 ರೀತಿ, ಎರಡು ಟ ಅದಲುಬದಲಾಗಲು 2 ರೀತಿ. ಒಟ್ಟು 4. ಯಾವ ಜೋಡಣೆ ಹಿಡಿದರೂ ಹೀಗೇ 4. ಆದ್ದರಿಂದ 24 ÷ 4 = 6. ಬರೆದು ನೋಡಿ: ಪಪಟಟ, ಪಟಪಟ, ಪಟಟಪ, ಟಪಪಟ, ಟಪಟಪ, ಟಟಪಪ. ಏಳನೆಯದು ಸಿಗುವುದಿಲ್ಲ.

ಕಳೆಯಲೂಬಹುದು. 24 ರಲ್ಲಿ 18 ಜಾಸ್ತಿ ಬಂದವು, ತೆಗೆದರೆ 6. ಆದರೆ ಆ 18 ನಿಮಗೆ ಗೊತ್ತಾಗುವುದು 6 ಗೊತ್ತಾದ ಮೇಲೇ. ಪ್ರತಿಯೊಂದೂ ಸಮನಾಗಿ ನಾಲ್ಕು ಪಟ್ಟು ಹಿಗ್ಗಿರುವಾಗ ಭಾಗಾಕಾರ ನೇರ ದಾರಿ.

‘ನವನವೀನ’ ಮಾಡಿ ನೋಡಿ. ಇಲ್ಲಿ ಮೊದಲು ಒಂದು ತೀರ್ಮಾನ ಬೇಕು. ವ ಮತ್ತು ವೀ ಒಂದೇನಾ, ಬೇರೆಯಾ? ನಾನು ಬೇರೆ ಅಂತ ಇಟ್ಟುಕೊಳ್ಳುತ್ತೇನೆ. ಆಗ ಮೂರು ನ, ಒಂದು ವ, ಒಂದು ವೀ. 5! ಅಂದರೆ 120, ಅದನ್ನು 3! ರಿಂದ ಭಾಗಿಸಿದರೆ 20. ಯಾವುದು ಯಾವುದಕ್ಕೆ ಸಮ ಎಂಬ ಈ ತೀರ್ಮಾನವನ್ನು ಎಣಿಕೆ ಶುರುವಾಗುವ ಮೊದಲೇ ಮಾಡಬೇಕು. ಅರ್ಧ ದಾರಿಯಲ್ಲಿ ಬದಲಾಯಿಸಿದರೆ ಉತ್ತರ ಕೆಡುತ್ತದೆ.

ಈ ಎರಡು ಪದಗಳನ್ನು ಸುಮ್ನೆ ಆರಿಸಿದ್ದಲ್ಲ. 1150 ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯರು ಕೊಟ್ಟ ಎರಡು ಲೆಕ್ಕಗಳ ಮೈಕಟ್ಟು ಇದೇ. 2, 2, 1, 1 ಅಂಕಿಗಳಿಂದ ಎಷ್ಟು ಸಂಖ್ಯೆ ಮಾಡಬಹುದು? ನಮ್ಮ ಪಟಪಟ, 6. 4, 8, 5, 5, 5 ರಿಂದ ಎಷ್ಟು? ನಮ್ಮ ನವನವೀನ, 20. ಅವರು ಅಲ್ಲಿಗೆ ಬಿಡಲಿಲ್ಲ, ಆ ಸಂಖ್ಯೆಗಳನ್ನೆಲ್ಲ ಕೂಡಿದರೆ ಎಷ್ಟು ಅಂತಲೂ ಕೇಳಿದರು. ಮೊದಲನೆಯದಕ್ಕೆ 9999. ಇದನ್ನು ಕೂಡದೆಯೇ ಹೇಳಬಹುದು. ಆರು ಸಂಖ್ಯೆಗಳ ಬಿಡಿ ಸ್ಥಾನದಲ್ಲಿ ಮೂರು ಸಲ 2, ಮೂರು ಸಲ 1 ಇರುತ್ತದೆ, ಮೊತ್ತ 9. ಹತ್ತು, ನೂರು, ಸಾವಿರದ ಸ್ಥಾನಗಳಲ್ಲೂ ಅಷ್ಟೇ. ಅಲ್ಲಿಗೆ 9999. ನಕಲು ಸೇರಿಸಿಕೊಂಡು 24 ಸಂಖ್ಯೆ ಅಂದುಕೊಂಡಿದ್ದರೆ ಮೊತ್ತ ಇದರ ನಾಲ್ಕು ಪಟ್ಟಾಗುತ್ತಿತ್ತು.

ಇನ್ನೂ ಹಿಂದೆ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯರ ಗಣಿತಸಾರಸಂಗ್ರಹದಲ್ಲಿ ಕಾಂಬಿನೇಷನ್ನಿನ ನಿಯಮ ಇದೆ. ಮೇಲೆ ಇಳಿಯುತ್ತಾ ಹೋಗುವ ಸಂಖ್ಯೆಗಳ ಗುಣಲಬ್ಧ, ಕೆಳಗೆ ಒಂದರಿಂದ ಏರುತ್ತಾ ಹೋಗುವ ಸಂಖ್ಯೆಗಳ ಗುಣಲಬ್ಧ. ಕೆಳಗಿನ ಆ ಸಾಲು ಮಾಡುವ ಕೆಲಸ ನಕಲು ತೆಗೆಯುವುದೇ. ಇಂದಿನ ಪಠ್ಯದಲ್ಲಿ ಮಕ್ಕಳು ಸೂತ್ರ ಬರೆಯುವಾಗ ಆ ಛೇದ ಯಾಕಿದೆ ಅಂತ ಒಮ್ಮೆಯಾದರೂ ಕೇಳಿಕೊಳ್ಳಲಿ ಅನ್ನುವುದು ನನ್ನ ಆಸೆ.

ಪ್ರಶ್ನೆ: ಒಂದೇ ತರದ ಎರಡು ದಾಳ ಎಸೆದರೆ 36 ಫಲಿತಾಂಶ. ಯಾವ ದಾಳ ಯಾವುದು ಅನ್ನುವುದು ಬೇಡ ಅಂದರೆ 36 ಅನ್ನು 2 ರಿಂದ ಭಾಗಿಸಿ 18 ಆಗಬೇಕಲ್ಲ? ಗೆಳೆಯ 21 ಅಂತಾನೆ.

ಉತ್ತರ: ಗೆಳೆಯ ಹೇಳಿದ್ದು ಸರಿ. 2 ಮತ್ತು 5 ಬೀಳಲು ಎರಡು ದಾರಿ: ಇದರಲ್ಲಿ 2 ಅದರಲ್ಲಿ 5, ಇಲ್ಲವೇ ಇದರಲ್ಲಿ 5 ಅದರಲ್ಲಿ 2. ಆದರೆ 3 ಮತ್ತು 3 ಬೀಳಲು ಒಂದೇ ದಾರಿ. ದಾಳಗಳನ್ನು ಅದಲುಬದಲು ಮಾಡಿದರೂ ಹೊಸದೇನೂ ಹುಟ್ಟುವುದಿಲ್ಲ. ಬೇರೆ ಬೇರೆ ಅಂಕಿ ಬೀಳುವ ಎಸೆತ 30, ಅವುಗಳಿಂದ 15 ಜೋಡಿ. ಒಂದೇ ಅಂಕಿ ಎರಡು ಸಲ ಬೀಳುವ ಎಸೆತ 6, ಅವು 6 ಆಗಿಯೇ ಉಳಿಯುತ್ತವೆ. ಒಟ್ಟು 21. ನೀವು ಭಾಗಿಸಿದಾಗ ಒಂದೇ ಸಲ ಎಣಿಸಿದ್ದನ್ನೂ ಅರ್ಧ ಮಾಡಿಬಿಟ್ಟಿರಿ. ನಕಲಿನ ಭಯದಲ್ಲಿ ಅಸಲನ್ನೂ ಕತ್ತರಿಸಬಾರದು.

ಹಾಗಂತ ಈ 21 ಅನ್ನು ಸಂಭವನೀಯತೆಯ ಲೆಕ್ಕಕ್ಕೆ ತರಬೇಡಿ. 2-5 ಬೀಳುವ ಸಂಭವ 3-3 ಬೀಳುವುದರ ಎರಡರಷ್ಟು. ಅಲ್ಲಿ 36 ಅನ್ನೇ ಇಟ್ಟುಕೊಳ್ಳಬೇಕು. 17ನೇ ಶತಮಾನದ ಮೊದಲ ಭಾಗದಲ್ಲಿ ಗೆಲಿಲಿಯೋ ಇಂಥದ್ದೇ ಒಂದು ಗೊಂದಲ ಬಿಡಿಸಿದ. ಮೂರು ದಾಳಗಳ ಮೊತ್ತ 9 ಆಗಲು ಆರು ಬಗೆ, 10 ಆಗಲೂ ಆರು ಬಗೆ. ಆದರೂ ಆಡುವವರಿಗೆ 10 ಸ್ವಲ್ಪ ಜಾಸ್ತಿ ಬೀಳುವುದು ಕಂಡಿತ್ತು. ಕಾರಣ ದಾರಿಗಳಲ್ಲಿದೆ. 3-3-3 ಬೀಳಲು ಒಂದೇ ದಾರಿ, 1-4-4 ಬೀಳಲು ಮೂರು, 1-2-6 ಬೀಳಲು ಆರು. ಹೀಗೆ ಎಲ್ಲ ಕೂಡಿದರೆ ಒಟ್ಟು 216 ಎಸೆತಗಳಲ್ಲಿ 9 ಕ್ಕೆ 25, 10 ಕ್ಕೆ 27. ಬಗೆ ಎಣಿಸಬೇಕಾ, ದಾರಿ ಎಣಿಸಬೇಕಾ ಅನ್ನುವುದನ್ನು ಪ್ರಶ್ನೆ ಹೇಳುತ್ತದೆ.

ಪ್ರಶ್ನೆ: 1 ರಿಂದ 100 ರವರೆಗೆ 2, 3 ಅಥವಾ 5 ರಿಂದ ಭಾಗವಾಗುವ ಸಂಖ್ಯೆ ಎಷ್ಟು? 50 + 33 + 20 = 103 ಬರುತ್ತಿದೆ. 100 ರಲ್ಲಿ 103 ಹೇಗೆ?

ಉತ್ತರ: ನಿಮಗೆ ನಿಮ್ಮ ಉತ್ತರವೇ ಎಚ್ಚರಿಕೆ ಕೊಟ್ಟಿದೆ. 6 ಎಂಬ ಸಂಖ್ಯೆ 2 ರ ಪಟ್ಟಿಯಲ್ಲೂ ಇದೆ, 3 ರ ಪಟ್ಟಿಯಲ್ಲೂ ಇದೆ. 30 ಮೂರೂ ಪಟ್ಟಿಯಲ್ಲಿದೆ. 4 ಒಂದರಲ್ಲಿ ಮಾತ್ರ. ಒಂದೊಂದಕ್ಕೆ ಒಂದೊಂದು ಲೆಕ್ಕ, ಹಾಗಾಗಿ ಭಾಗಾಕಾರ ನಡೆಯುವುದಿಲ್ಲ. ಇಲ್ಲಿ ಕಳೆಯುವುದೇ ಸರಿ.

2 ಮತ್ತು 3 ಎರಡರಿಂದಲೂ ಭಾಗವಾಗುವವು 16. 2 ಮತ್ತು 5 ರಿಂದ 10. 3 ಮತ್ತು 5 ರಿಂದ 6. ಈ 32 ಅನ್ನು ಕಳೆದರೆ 71. ಇಲ್ಲಿಗೆ ನಿಲ್ಲಿಸಬೇಡಿ. 30 ರ ಗತಿ ಏನಾಯಿತು ನೋಡಿ. ಮೊದಲು ಮೂರು ಸಲ ಸೇರಿತು. ಆಮೇಲೆ ಮೂರು ಸಲ ಕಳೆದುಹೋಯಿತು. ಈಗ ಅದು ಲೆಕ್ಕದಲ್ಲೇ ಇಲ್ಲ. 60, 90 ಕ್ಕೂ ಇದೇ ಪಾಡು. ಆ ಮೂರನ್ನು ವಾಪಸ್ ಸೇರಿಸಿ: 74. ಈಗ ಯಾವ ಸಂಖ್ಯೆ ಹಿಡಿದು ಕೇಳಿದರೂ ಅದು ಸರಿಯಾಗಿ ಒಂದು ಸಲ ಎಣಿಕೆಯಾಗಿದೆ.

ಪ್ರಶ್ನೆ: ನಾನು ಪ್ರೋಗ್ರಾಮಿಂಗ್ ಮಾಡುವವನು. ಇಷ್ಟೆಲ್ಲ ಯಾಕೆ? ಎಲ್ಲವನ್ನೂ ಪಟ್ಟಿ ಮಾಡಿಸಿ, ಡೂಪ್ಲಿಕೇಟ್ ತೆಗೆದು, ಉಳಿದದ್ದನ್ನು ಎಣಿಸಿದರೆ ಆಯಿತಲ್ಲ?

ಉತ್ತರ: ಸಣ್ಣ ಲೆಕ್ಕಕ್ಕೆ ಖಂಡಿತ ಮಾಡಿ. ಸಮಿತಿಯ 81 ಅನ್ನು ಹಾಗೆ ತಾಳೆ ನೋಡುವುದು ಬಹಳ ಒಳ್ಳೆಯದು. ಆದರೆ 30 ರಲ್ಲಿ 10 ಆರಿಸುವ ಲೆಕ್ಕಕ್ಕೆ ಬನ್ನಿ. ಉತ್ತರ 3,00,45,015. ಕ್ರಮ ಸಮೇತ ಪಟ್ಟಿ ಮಾಡಿ ಆಮೇಲೆ ನಕಲು ತೆಗೆಯುತ್ತೇನೆ ಅಂದರೆ ಒಂದೊಂದೂ 10! ಸಲ, ಅಂದರೆ 36,28,800 ಸಲ ಬರುತ್ತದೆ. (ಹತ್ತು ಕೈಗಳ ಶಂಭು ಹತ್ತು ಆಯುಧಗಳನ್ನು ಎಷ್ಟು ರೀತಿ ಹಿಡಿಯಬಹುದು ಅಂತ ಲೀಲಾವತಿಯಲ್ಲಿ ಕೇಳಿದ ಪ್ರಶ್ನೆಗೂ ಇದೇ ಉತ್ತರ.) ಒಟ್ಟು ಪಟ್ಟಿ ಸುಮಾರು 109 ಲಕ್ಷ ಕೋಟಿ ಸಾಲು. ಅದರಲ್ಲಿ ಬೇಕಾದ್ದು ಮೂರು ಕೋಟಿ ಚಿಲ್ಲರೆ.

ಬದಲಿಗೆ ಏರುವ ಕ್ರಮದಲ್ಲಿ ಮಾತ್ರ ಬರೆಯಿಸಿ. ಮೊದಲ ಲೂಪ್ ಒಂದು ಸಂಖ್ಯೆ ಹಿಡಿದರೆ, ಒಳಗಿನ ಲೂಪ್ ಅದರ ಮುಂದಿನ ಸಂಖ್ಯೆಯಿಂದಲೇ ಶುರುವಾಗಲಿ. 3, 7 ಬರುತ್ತದೆ, 7, 3 ಬರುವುದೇ ಇಲ್ಲ. ಹಾಜರಿ ಪಟ್ಟಿಯ ಉಪಾಯವೂ ಇದೇ.

ಪ್ರಶ್ನೆ: ಕಪ್ಪು, ಬಿಳಿ ಮಣಿಗಳಿಂದ 6 ಮಣಿಯ ಸರ ಮಾಡಬೇಕು. ತಿರುಗಿಸಿದಾಗ ಒಂದೇ ತರ ಕಂಡರೆ ಒಂದೇ ಸರ ಅಂತ ಲೆಕ್ಕ. ಒಟ್ಟು 64, ತಿರುಗಿಸಲು 6 ರೀತಿ. 64 ಅನ್ನು 6 ರಿಂದ ಭಾಗಿಸಿದರೆ ಪೂರ್ಣ ಸಂಖ್ಯೆಯೇ ಬರುತ್ತಿಲ್ಲ.

ಉತ್ತರ: ಈ ಸಲದ ಪ್ರಶ್ನೆಗಳಲ್ಲಿ ನನಗೆ ಬಹಳ ಹಿಡಿಸಿದ್ದು ಇದು. ಭಾಗಾಕಾರ ಕೈಕೊಟ್ಟಾಗ ಅದು ಏನೋ ಹೇಳುತ್ತಿದೆ ಅಂತ ಅರ್ಥ. ಎಲ್ಲ ಸರಗಳೂ ಆರಾರು ಸಲ ಬಂದಿಲ್ಲ.

ಎಲ್ಲ ಕಪ್ಪು ಇರುವ ಸರ ಎಷ್ಟು ತಿರುಗಿಸಿದರೂ ಅದೇ, 64 ರಲ್ಲಿ ಒಂದೇ ಸಲ ಇದೆ. ಎಲ್ಲ ಬಿಳಿಯೂ ಹಾಗೇ. ಕಪ್ಪು-ಬಿಳಿ ಒಂದು ಬಿಟ್ಟು ಒಂದು ಬರುವ ಸರ ಎರಡು ಸಲ ಇದೆ. ಮೂರು ಮಣಿಯ ಒಂದು ತುಂಡು ಎರಡು ಸಲ ಬರುವ ಸರಗಳಿವೆ, ಕಪ್ಪು-ಕಪ್ಪು-ಬಿಳಿ-ಕಪ್ಪು-ಕಪ್ಪು-ಬಿಳಿ ಇದ್ದಹಾಗೆ. ಇವು ಮೂರು ಮೂರು ಸಲ ಇವೆ, ಇಂಥ ಸರ ಎರಡು. ಇವಿಷ್ಟೂ ಸೇರಿ 64 ರಲ್ಲಿ 2 + 2 + 6 = 10 ಜಾಗ ತೆಗೆದುಕೊಂಡವು. ಉಳಿದ 54 ರಲ್ಲಿ ಮಾತ್ರ ಆರಾರು ಸಲ. 54 ÷ 6 = 9. ಒಟ್ಟು ಸರಗಳು 2 + 1 + 2 + 9 = 14.

ಮಣಿ ಜಾಸ್ತಿಯಾದರೆ ಹೀಗೆ ಬಿಡಿಸುತ್ತಾ ಕೂರುವುದು ಕಷ್ಟ. ಅದಕ್ಕೆ ಬರ್ನ್‌ಸೈಡ್ ಪ್ರಮೇಯ ಅಂತ ಇದೆ. ಬರ್ನ್‌ಸೈಡ್ ಎಂಬ ಗಣಿತಜ್ಞ ತನ್ನ 1897 ರ ಪುಸ್ತಕದಲ್ಲಿ ಇದನ್ನು ಇನ್ನೊಬ್ಬ ಗಣಿತಜ್ಞ ಫ್ರೊಬೇನಿಯಸ್‌ನದ್ದು ಅಂತ ಹೇಳಿದ್ದ, ಮತ್ತೊಬ್ಬ ಗಣಿತಜ್ಞ ಕೌಶಿಗೆ ಅದಕ್ಕೂ ಮೊದಲೇ ತಿಳಿದಿತ್ತು. ಹೆಸರು ಮಾತ್ರ ಬರ್ನ್‌ಸೈಡ್‌ನದ್ದೇ ಉಳಿಯಿತು. ಕೆಲಸ ಹೀಗೆ: ಒಂದೊಂದು ತಿರುಗುವಿಕೆಯಲ್ಲೂ ಬದಲಾಗದೆ ಉಳಿಯುವ ಜೋಡಣೆ ಎಷ್ಟು ಅಂತ ಎಣಿಸಿ. ತಿರುಗಿಸದೇ ಇದ್ದರೆ 64. ಒಂದು ಮಣಿಯಷ್ಟು ತಿರುಗಿಸಿದರೆ 2. ಎರಡರಷ್ಟು 4, ಮೂರರಷ್ಟು 8, ನಾಲ್ಕರಷ್ಟು 4, ಐದರಷ್ಟು 2. ಒಟ್ಟು 84. ಆರರಿಂದ ಭಾಗಿಸಿ, 14. ಬೇಗ ಮರುಕಳಿಸುವ ಸರಗಳು ಮೊದಲ 64 ರಲ್ಲಿ ಕಡಿಮೆ ಸಲ ಬಂದಿದ್ದವು. ಉಳಿದ ತಿರುಗುವಿಕೆಗಳಲ್ಲಿ ಅವು ಮತ್ತೆ ಎಣಿಕೆಗೆ ಬಂದು ಆ ಕೊರತೆ ತುಂಬುತ್ತದೆ. ಕೊನೆಗೆ ಪ್ರತಿ ಸರವೂ ಸರಿಯಾಗಿ ಆರು ಸಲ ಎಣಿಕೆಯಾಗಿರುತ್ತದೆ. ಆಗ ಭಾಗಾಕಾರ ನಡೆಯುತ್ತದೆ.

ಸರವನ್ನು ಮಗುಚಿ ಹಾಕಲೂಬಹುದು ಅಂದರೆ 13 ಆಗುತ್ತದೆ. ಒಂದೇ ಒಂದು ಜೋಡಿ ಕೂಡಿಕೊಳ್ಳುತ್ತದೆ. ಕಪ್ಪು-ಕಪ್ಪು-ಬಿಳಿ-ಕಪ್ಪು-ಬಿಳಿ-ಬಿಳಿ ಬರೆಯಿರಿ. ಒಂದು ಕಪ್ಪಿನಿಂದ ಮುಂದಿನ ಕಪ್ಪಿಗೆ ಹೆಜ್ಜೆ 1, 2, 3. ಮಗುಚಿದರೆ 1, 3, 2. ಬರೀ ತಿರುಗಿಸುವುದರಿಂದ ಒಂದು ಇನ್ನೊಂದಾಗುವುದಿಲ್ಲ. ಉಳಿದ 12 ಸರಗಳು ಮಗುಚಿದರೂ ಅವೇ.

ಮಣಿಗಳ ಸಂಖ್ಯೆ 5 ಅಥವಾ 7 ರಂತೆ ಅವಿಭಾಜ್ಯವಾದರೆ ಈ ತೊಡಕು ಬಹುತೇಕ ಇಲ್ಲ. 5 ಮಣಿಗೆ 32 ಜೋಡಣೆ. ಒಂದೇ ಬಣ್ಣದ ಎರಡನ್ನು ಬದಿಗಿಟ್ಟರೆ 30. ಇವುಗಳಲ್ಲಿ ನಡುವೆ ಮರುಕಳಿಸುವ ತುಂಡು ಇರಲು ಸಾಧ್ಯವಿಲ್ಲ, ಯಾಕೆಂದರೆ 5 ಅನ್ನು ಸಮ ತುಂಡು ಮಾಡಲು ಬರುವುದಿಲ್ಲ. ಎಲ್ಲವೂ ಐದೈದು ಸಲ. 30 ÷ 5 = 6, ಜೊತೆಗೆ ಬದಿಗಿಟ್ಟ 2, ಒಟ್ಟು 8. ಯಾವ ಅವಿಭಾಜ್ಯ ಸಂಖ್ಯೆ ತೆಗೆದುಕೊಂಡರೂ, ಅಷ್ಟು 2 ಗಳನ್ನು ಗುಣಿಸಿ 2 ಕಳೆದರೆ ಆ ಅವಿಭಾಜ್ಯದಿಂದ ಶೇಷವಿಲ್ಲದೆ ಭಾಗವಾಗುತ್ತದೆ ಅನ್ನುವುದು ಇದರಿಂದಲೇ ಸಿಕ್ಕಿತು. 1640 ರಲ್ಲಿ ಗಣಿತಜ್ಞ ಫರ್ಮಾ ಒಂದು ಪತ್ರದಲ್ಲಿ ಬರೆದ ಫಲಿತಾಂಶ ಇದರ ವಿಸ್ತಾರ ರೂಪ. ಅವನು ಅಲ್ಲಿ ಸಾಧನೆ, ಅಂದರೆ ಅದು ಯಾಕೆ ನಿಜ ಅನ್ನುವುದಕ್ಕೆ ಪುರಾವೆ, ಕೊಡಲಿಲ್ಲ. ನೀವು ಮಣಿ ಎಣಿಸುತ್ತಾ ಅದರ ಒಂದು ಸಾಧನೆಯ ಬಾಗಿಲಿಗೇ ಬಂದಿದ್ದೀರಿ. 7 ಮಣಿಗೆ ನೀವೇ ಮಾಡಿ ಬರೆಯಿರಿ. ತಿರುಗಿಸುವುದು ಮಾತ್ರ ಲೆಕ್ಕಕ್ಕೆ, ಮಗುಚುವುದು ಬೇಡ. 20 ಬರಬೇಕು.